ಅವಳಿಗಾಗಿ ಹುಡುಕಿದ ಬನ್ನಿನ ಅಂಗಡಿಗಳು

ಆಗ ನಮ್ಮ ಬಳ್ಳಾರಿಯಲ್ಲಿ ಬನ್ನು ಎಂದರೆ ಜ್ವರದವರ ಊಟ. ಗಟ್ಟಿಮುಟ್ಟಾಗಿದ್ದವರು ಜೋಳದ ರೊಟ್ಟಿ ತಿನ್ನುತ್ತಿದ್ದರು. ಬ್ರೂಸ್‌ಪೇಟೆಯಲ್ಲಿ ನಾನು ಮೊದಲ ಸಲ ಬನ್ನು ಕೇಳಿದಾಗ ಅಂಗಡಿಯವರು ಅದನ್ನು ಕಾಗದದಲ್ಲಿ ಸುತ್ತುತ್ತ, ಓಣಿಗೆಲ್ಲ ಕೇಳುವಂತೆ, "ಯಾರು ಮಲಗ್ಯಾರೋ ಮನ್ಯಾಗ?" ಎಂದರು.

"ಯಾರೂ ಇಲ್ರಿ. ನನಗ ತಿನ್ನಾಕ."

"ನಿನಗ? ಎತ್ತು ಇದ್ದಂಗ ಅದೀಯಲ್ಲೋ."

ನಕ್ಕು ಬಂದುಬಿಟ್ಟೆ. ಅವರು ಅಪ್ಪನ ಪರಿಚಯದವರು. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಮಲಗಿದವರು ಯಾರೂ ಇರಲಿಲ್ಲ ಎಂಬುದು ನಿಜವೇ. ನನ್ನ ಹೆಂಡತಿ ಮಲಗುತ್ತಿರಲಿಲ್ಲ. ಸಂಜೆಯಾದರೆ ಅವಳ ಮೈ ಬಿಸಿಯಾಗುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಒಲೆಯ ಮುಂದೆ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದು, ತನ್ನ ಪಾಲಿನದನ್ನು ಎಮ್ಮೆಗೆ ಹಾಕುತ್ತಿದ್ದಳು. ಕ್ಷಯ ಎಂದು ಡಾಕ್ಟರು ನಮ್ಮಿಬ್ಬರಿಗೇ ಹೇಳಿದ್ದರು. ಅಂದಿನಿಂದ ಅವಳು ತನ್ನ ತಟ್ಟೆ, ಲೋಟಗಳನ್ನು ಸದ್ದಿಲ್ಲದೆ ಬೇರೆ ಇಟ್ಟುಕೊಂಡಿದ್ದಳು.

ಮನೆಯಲ್ಲಿ ತಿಳಿದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು. ಅವಳನ್ನು ಕುರುಗೋಡಿನ ತವರಿಗೆ ಕಳಿಸಿ, ಸಿರುಗುಪ್ಪದಿಂದ ನನ್ನ ಸೋದರಮಾವನ ಮಗಳನ್ನು ತರುತ್ತಿದ್ದರು. ಮಾವನಿಗೆ ಹೊಳೆದಂಡೆಯಲ್ಲಿ ಭತ್ತದ ಗದ್ದೆ. ಆ ಮಾತು ನಮ್ಮ ಮದುವೆಗಿಂತ ಹಳೆಯದು, ಇನ್ನೂ ಸತ್ತಿರಲಿಲ್ಲ.

ಹೀಗಾಗಿ ದೂರದ ಅಂಗಡಿಗಳನ್ನು ಹುಡುಕಿದೆ. ಸಿಪಾಯಿಗಳ ದಂಡಿನ ಕಡೆಯ ಬೇಕರಿಯಲ್ಲಿ ಬನ್ನನ್ನು ನಡುವೆ ಸೀಳಿ, ಬೆಣ್ಣೆ ಸವರಿ, ಸಕ್ಕರೆ ಸಿಕ್ಕ ದಿನ ಸಕ್ಕರೆಯನ್ನೂ ಉದುರಿಸಿ ಕೊಡುತ್ತಿದ್ದರು. ಅಷ್ಟು ಮೆದುವಾದ ಬನ್ನನ್ನು ಮತ್ತೆಲ್ಲೂ ತಿಂದಿಲ್ಲ. ಆದರೆ ಅದಕ್ಕೆ ಮೊಟ್ಟೆಯ ವಾಸನೆ. ನಮ್ಮ ಹೊಸ್ತಿಲು ದಾಟಿಸುವಂತಿರಲಿಲ್ಲ. ಕೊನೆಗೆ ಸ್ಟೇಷನ್ ಹತ್ತಿರ ಒಂದು ತಗಡಿನ ಅಂಗಡಿ ಸಿಕ್ಕಿತು. ಅಲ್ಲಿ ಸೀಳಿದ ಬನ್ನಿನೊಳಗೆ ಬಿಸಿ ಮಿರ್ಚಿ ಬಜ್ಜಿ ಇಟ್ಟು ಅಂಗೈಯಿಂದ ಒತ್ತಿ ಕೊಡುತ್ತಿದ್ದರು. ಅರ್ಧಾಣೆಗೆ ಹಮಾಲರ ಹೊಟ್ಟೆ ತುಂಬುತ್ತಿತ್ತು. ಊರಿಗೆ ಹೊಸಬರು ಬಂದರೆ ನಾನು ಈಗಲೂ ಆ ಅಂಗಡಿಗೇ ಕಳಿಸುತ್ತೇನೆ.

ಮಿರ್ಚಿ ಇಟ್ಟ ಬನ್ನನ್ನು ಯಾರೂ ಪಥ್ಯ ಎನ್ನಲಾರರು. ಎಲ್ಲರ ಎದುರೇ ಮನೆಗೆ ತಂದೆ. ಮಿರ್ಚಿ ನನಗೆ, ಹಾಲಿನಲ್ಲಿ ಅದ್ದಿದ ಬನ್ನು ಅವಳಿಗೆ.

ಕೆಲವು ವಾರ ಕಳೆದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

"ದಿನಾ ಬನ್ನು ಬೇಕಾಗ್ಯಾವ ಆಕಿಗೆ. ರೊಟ್ಟಿ ಕಂಡ್ರ ಮಾರಿ ತಿರುವ್ತಾಳ. ಬಯಕಿ ಲೇ ಅದು. ನಾಕು ಹಡದಾಕಿ ಮುಂದ ಮುಚ್ಚಿಡ್ತೀರೇನು?"

ಕಾಯಿಲೆಯಿಂದ ಅವಳ ಮುಟ್ಟು ನಿಂತಿತ್ತು. ಅವ್ವ ಅದನ್ನೂ ಗಮನಿಸಿದ್ದಳು. ಅಲ್ಲ ಎಂದರೆ, ಮತ್ತೇನು ಎಂದು ಕೇಳುತ್ತಾಳೆ.

ಮರುದಿನದಿಂದ ಅವ್ವನೇ ಬ್ರೂಸ್‌ಪೇಟೆಯಿಂದ ಬನ್ನು ತರಿಸತೊಡಗಿದಳು, ಕಾರಣವನ್ನೂ ಹೇಳಿಯೇ. ನಾನು ಆ ದಾರಿಯಲ್ಲಿ ಹೋದರೆ ಅಂಗಡಿಯವರು, "ಅಪ್ಪ ಆಗಾಂವ ಬಂದ, ದಾರಿ ಬಿಡ್ರಪ್ಪ" ಎನ್ನುತ್ತಿದ್ದರು. ಕುರುಗೋಡಿಗೂ ಸಿರುಗುಪ್ಪಕ್ಕೂ ಸುದ್ದಿ ಹೋಯಿತು.

ಕೊಟ್ಟಿಗೆಯಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಹೆಂಡತಿಗೆ, "ಇವತ್ತ ಹೇಳಿಬಿಡ್ತೀನಿ" ಎಂದೆ.

"ಏನಂತ?"

"ಇದ್ದದ್ದು."

ಅವಳು ಕೈ ಝಾಡಿಸಿಕೊಂಡಳು. "ಬ್ಯಾಡ್ರಿ. ಹೆಂಗೂ ಕಳಸ್ತಾರ. ಉಡಿ ತುಂಬಿ ಕಳಸಲಿ."

ಉಡಿ ತುಂಬಿಸಿಕೊಂಡೇ ಹೋದಳು. ಅವಳ ಸೊರಗಿದ ಮೈ ಕಂಡು ಅವ್ವನಿಗೆ ಹೆದರಿಕೆ. ತವರಿನಲ್ಲಿ ಆರೈಕೆಯಾಗಲಿ ಎಂದು ಸೀಮಂತದ ತಿಂಗಳು ಬರುವ ಮೊದಲೇ ಹಸಿರು ಸೀರೆ ಉಡಿಸಿದಳು, ಬಳೆ ಇಡಿಸಿದಳು. ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕುರುಗೋಡಿನವರೆಗೆ ಆ ಬಳೆಗಳು ಮೊಣಕೈತನಕ ಜಾರುತ್ತಿದ್ದವು, ಅವಳು ಇಳಿಸಿಕೊಳ್ಳುತ್ತಿದ್ದಳು. ಅಲ್ಲಿ ತನ್ನ ತಾಯಿಗೆ ಮಾತ್ರ ನಿಜ ಹೇಳಿದಳು.

ಮಳೆಗಾಲದಲ್ಲಿ ತೀರಿಕೊಂಡಳು. ಬಸ್ಸು ಕೆಟ್ಟು ನಿಂತು, ಅವ್ವ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. "ಇಬ್ಬರನ್ನೂ ಒಯ್ದೆಲ್ಲೋ ಶಿವನೇ" ಎಂದು ಅವ್ವ ಬಾಗಿಲಲ್ಲೇ ಕುಸಿದಳು. ಅವಳನ್ನು ತಬ್ಬಿಕೊಂಡ ಅತ್ತೆ, ಅವಳ ಹೆಗಲ ಮೇಲಿಂದ ನನ್ನನ್ನೊಮ್ಮೆ ನೋಡಿದರು. ಆಮೇಲೆ ಅವ್ವನ ಬೆನ್ನು ಸವರುತ್ತ ಒಳಗೆ ಕರೆದೊಯ್ದರು.

ಅತ್ತೆ ಈಗಿಲ್ಲ. ಅವ್ವನಿಗೆ ಓದು ಬಾರದು, ಅದಕ್ಕೇ ಇದನ್ನು ಬರೆಯಲು ಸಾಧ್ಯವಾಗಿದೆ. ಸಿರುಗುಪ್ಪದ ಮಾತನ್ನು ಅವಳು ಮತ್ತೆ ಎತ್ತಿಲ್ಲ. ಓಣಿಯಲ್ಲಿ ಮಕ್ಕಳು ಹೋಗುವುದನ್ನು ನೋಡುತ್ತ ಕೂರುತ್ತಾಳೆ.

"ಇದ್ದಿದ್ರ ಈ ವರ್ಷ ಸಾಲಿಗೆ ಹೋಗ್ತಿತ್ತು, ಅಲ್ಲೇನೋ?"

"ಹೌದವ್ವ" ಎನ್ನುತ್ತೇನೆ.