ಕೆಂಪು ಗೆರೆ ಬಿದ್ದ ಮಾತುಗಳು

ನನಗೊಂದು ಚಾಳಿಯಿದೆ. ಕಂಪ್ಯೂಟರಿನ ಮುಂದೆ ಕೂತರೆ ಮಾಡಬೇಕಾದ ಕೆಲಸವನ್ನು ಪಕ್ಕಕ್ಕಿಟ್ಟು ಆ ಯಂತ್ರವನ್ನೇ ಪರೀಕ್ಷೆ ಮಾಡಲು ಶುರುಮಾಡುತ್ತೇನೆ. ಒಂದು ಪದ ಹೊಡೆದು ಸುಮ್ಮನೆ ಕಾಯುತ್ತೇನೆ. ಅದಕ್ಕೆ ಗೊತ್ತಿದ್ದರೆ ತೆಪ್ಪಗಿರುತ್ತದೆ. ಗೊತ್ತಿಲ್ಲದಿದ್ದರೆ ಪದದ ಕೆಳಗೆ ಅಂಕುಡೊಂಕಾದ ಒಂದು ಕೆಂಪು ಗೆರೆ ಎಳೆಯುತ್ತದೆ. ತನಗೆ ಗೊತ್ತಿಲ್ಲದ್ದನ್ನು ಎದುರಿಗಿರುವವರ ತಪ್ಪೆಂದು ಇಷ್ಟು ಧೈರ್ಯವಾಗಿ ತೋರಿಸುವವರನ್ನು ನಾನು ಬೇರೆ ಒಬ್ಬರನ್ನಷ್ಟೇ ಕಂಡಿದ್ದೇನೆ. ಅವರು ನಮ್ಮ ಹಳೆಯ ಬ್ರಾಂಚ್ ಮ್ಯಾನೇಜರು. ಈಗ ನಿವೃತ್ತರಾಗಿದ್ದಾರೆ.

ಅವರ ಕಾಲದಲ್ಲೇ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಹಲಸೂರಿನ ನಮ್ಮ ವಿಮಾ ಕಚೇರಿಗೆ ಕಂಪ್ಯೂಟರು ಬಂತು. ಬಂದ ದಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಅದಕ್ಕೆ ತಂಪಾಗಿರಲೆಂದು ಏಸಿ ಹಾಕಿಸಿ, ನಾವೆಲ್ಲ ಬೆವರುತ್ತಾ ಹೊರಗೆ ನಿಂತು ನೋಡಿದೆವು. ಮೊದಲು ನಾನು ಹೊಡೆದದ್ದು ಇಂಗ್ಲಿಷಿನಲ್ಲಿ ನಮ್ಮ ಕಚೇರಿಯ ವಿಳಾಸ. ಹಲಸೂರು ಇಂಗ್ಲಿಷಿನಲ್ಲಿ ಅಲ್ಸೂರು. ಅದಕ್ಕೆ ಅಲ್ಸೂರು ಎಂಬ ಊರು ಗೊತ್ತಿರಲಿಲ್ಲ. ಕೆಂಪು ಗೆರೆ ಎಳೆದು, ನೀವು ಬರೆಯಲು ಹೊರಟದ್ದು ಅಲ್ಸರ್ ಇರಬೇಕಲ್ಲವೇ ಎಂದು ವಿನಯದಿಂದ ಸೂಚಿಸಿತು. ಪಾಲಿಸಿದಾರರ ಹೊಟ್ಟೆಹುಣ್ಣಿನ ವರದಿಗಳನ್ನು ಓದಿ ಓದಿ ಸಾಕಾಗಿದ್ದ ನನಗೆ, ಪರವಾಗಿಲ್ಲ, ಇದು ಬಂದ ದಿನವೇ ನಮ್ಮ ಕಸುಬು ಕಲಿತುಬಿಟ್ಟಿದೆ ಎನ್ನಿಸಿತು.

ಇಂಗ್ಲಿಷಿನದಕ್ಕೆ ನಮ್ಮೂರು ಗೊತ್ತಿಲ್ಲದಿದ್ದರೆ ಕ್ಷಮಿಸಬಹುದು. ನನಗೆ ನಿಜವಾದ ಕುತೂಹಲ ಹುಟ್ಟಿದ್ದು ಕೆಲವು ವರ್ಷಗಳ ನಂತರ, ಸಹೋದ್ಯೋಗಿಯೊಬ್ಬರು ಸಿಡಿಯಲ್ಲಿ ತಂದುಕೊಟ್ಟ ಕನ್ನಡದ ತಂತ್ರಾಂಶವನ್ನು ಮನೆಯ ಕಂಪ್ಯೂಟರಿಗೆ ಹಾಕಿಸಿದಾಗ. ಇದೂ ಕಾಗುಣಿತ ನೋಡುತ್ತಿತ್ತು, ಇದೂ ಗೆರೆ ಎಳೆಯುತ್ತಿತ್ತು. ‘ಕಿಂಕರ್ತವ್ಯಮೂಢ’ ಎಂದು ಹೊಡೆದೆ. ಗೊತ್ತಿತ್ತು. ‘ಮರಣೋತ್ತರ’, ‘ಉತ್ತರಾಧಿಕಾರಿ’ ಎಲ್ಲವೂ ಗೊತ್ತಿದ್ದವು. ‘ಒಗ್ಗರಣೆ’ ಎಂದು ಹೊಡೆದೆ. ಕೆಂಪು ಗೆರೆ! ಮದುವೆಯಾದಾಗಿನಿಂದ ದಿನವೂ ಹಾಕುತ್ತಿರುವ ಒಗ್ಗರಣೆ ತಪ್ಪೆಂದು ಹೇಳಿದ ಎರಡನೆಯ ಪ್ರಾಣಿ ಇದು. ಮೊದಲನೆಯವರು ಪಕ್ಕದಲ್ಲೇ ಪೇಪರು ಓದುತ್ತಿದ್ದರು. ಲಟ್ಟಣಿಗೆ ಗೊತ್ತಿಲ್ಲ, ಈಳಿಗೆಮಣೆ ಗೊತ್ತಿಲ್ಲ, ಮಸಿಬಟ್ಟೆಯಂತೂ ಇಲ್ಲವೇ ಇಲ್ಲ. ಇದಕ್ಕೆ ಪದ ತುಂಬಿದವರು ಯಾರೋ ದೊಡ್ಡ ವಿದ್ವಾಂಸರಿರಬೇಕು, ಆದರೆ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ ಎಂದು ನಾನು ಅಂದೇ ತೀರ್ಮಾನಿಸಿದೆ.

ಇನ್ನು ನಮ್ಮ ದಂಡು ಪ್ರದೇಶದ ಮಾತಿನ ಗತಿ ಕೇಳುವುದೇ ಬೇಡ. ರಸೆಲ್ ಮಾರುಕಟ್ಟೆಯಲ್ಲಿ ನಾನು ಸೊಪ್ಪು ಕೊಳ್ಳುತ್ತಿದ್ದ ಹೆಂಗಸು ಗಿರಾಕಿಗಳನ್ನು ಕೂಗುತ್ತಿದ್ದ ರೀತಿ ಹೀಗೆ: “ಬನ್ನಿ ಅಕ್ಕಾ, ತಾಜಾ ಮಾಲು, ಲೇಟ್ ಮಾಡಿದ್ರೆ ಖಲಾಸ್, ಅಪ್ಪುರಂ ನನ್ನ ಕೇಳ್ಬೇಡಿ!” ಕನ್ನಡ, ಉರ್ದು, ಇಂಗ್ಲಿಷು, ತಮಿಳು, ಒಂದೇ ಉಸಿರಿಗೆ ನಾಲ್ಕು ಭಾಷೆ. ಮನೆಗೆ ಬಂದು ಆ ಸಾಲನ್ನು ಹಾಗೇ ಹೊಡೆದು ನೋಡಿದೆ. ‘ಬನ್ನಿ’, ‘ನನ್ನ’ ಎರಡನ್ನು ಬಿಟ್ಟು ಮಿಕ್ಕದ್ದೆಲ್ಲ ಕೆಂಪು. ಆದರೆ ಅಲ್ಲಿ ನಿಂತು ಆ ಕೂಗನ್ನು ಕೇಳಿದವರಲ್ಲಿ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಅರ್ಥವಾಗಿಯೂ ತಡಮಾಡಿದ ನಾನು ಬಾಡಿದ ಪುದೀನ ತಂದಿದ್ದೆ.

ತಮಾಷೆಯೆಂದರೆ, ಅರ್ಜಿ, ಜಮೀನು, ವಕೀಲ ಎಲ್ಲಕ್ಕೂ ಅದು ಗೆರೆ ಎಳೆಯಲಿಲ್ಲ. ಇವರೆಲ್ಲ ಒಂದು ಕಾಲದಲ್ಲಿ ಪಾರಸಿ, ಅರಬ್ಬಿಯ ಕಡೆಯಿಂದ ಬಂದ ನೆಂಟರೇ. ಬಟಾಟೆ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಮೊದಲು ಬಂದವರು ಸೀಟು ಹಿಡಿದು ಕೂತು, ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಹತ್ತಿದವರನ್ನು “ಜಾಗ ಎಲ್ಲಿದೆ ರೀ” ಎಂದು ಗದರುವುದನ್ನು ನಾನು ಬಸ್ಸಿನಲ್ಲಿ ದಿನವೂ ನೋಡುತ್ತಿದ್ದೆ. ನಿಘಂಟಿನೊಳಗೂ ಅದೇ ವ್ಯವಹಾರವೆಂದು ಆಗ ತಿಳಿಯಿತು.

ಹೀಗೆ ಗೆರೆಗಳ ಜೊತೆ ಆಟವಾಡಿಕೊಂಡಿದ್ದ ನನಗೆ, ಅದೇ ಗೆರೆಯನ್ನು ಇನ್ನೊಬ್ಬರು ಬೇರೆ ರೀತಿ ಓದಬಹುದೆಂಬ ಅಂದಾಜೇ ಇರಲಿಲ್ಲ.

ಟಿನ್ ಫ್ಯಾಕ್ಟರಿಯ ಹಿಂದಿನ ನಮ್ಮ ಮನೆಯ ಮಹಡಿಯ ಮೇಲೊಂದು ಕೋಣೆಯಿದೆ. ಅದರಲ್ಲಿ ಆಗ ಸಿಂಧನೂರಿನ ಕಡೆಯ ಬಸವರಾಜ ಮತ್ತು ಅವನ ಹೆಂಡತಿ ರೇಣುಕಾ ಬಾಡಿಗೆಗಿದ್ದರು. ಬಸವರಾಜ ಮಹದೇವಪುರದ ಒಂದು ವರ್ಕ್‌ಶಾಪಿನಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದ. ಯಂತ್ರದಿಂದ ಇಳಿದ ಲೋಹದ ಬಿಡಿಭಾಗಗಳನ್ನು ಒಂದೊಂದಾಗಿ ಗೇಜು ಎಂಬ ಅಳತೆಯ ಸಾಧನಕ್ಕೆ ಕೂರಿಸಿ ನೋಡುವುದು; ಕೂತರೆ ಮುಂದಕ್ಕೆ ಕಳಿಸುವುದು, ಕೂರದಿದ್ದರೆ ಕೆಂಪು ಬಣ್ಣ ಹಚ್ಚಿ ಗುಜರಿಯ ಡಬ್ಬಕ್ಕೆ ಎಸೆಯುವುದು. ಒಮ್ಮೆ ಕೆಂಪು ಬಿದ್ದರೆ ಮುಗಿಯಿತು, ಅದರ ಮೇಲೆ ಯಾರೂ ವಾದ ಮಾಡುವುದಿಲ್ಲ. ನನ್ನ ಯಜಮಾನರು ಕೂಡ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇದೇ ವಿಭಾಗದಲ್ಲಿದ್ದು ನಿವೃತ್ತರಾದವರು. ಸಂಜೆಯಾದರೆ ಇಬ್ಬರೂ ಗೇಟಿನ ಹತ್ತಿರ ನಿಂತು ನಟ್ಟು ಬೋಲ್ಟುಗಳ ಸುಖದುಃಖ ಮಾತಾಡಿಕೊಳ್ಳುತ್ತಿದ್ದರು.

ಬಸವರಾಜ ದಂಪತಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಅಕ್ಕಪಕ್ಕದ ಮನೆಗಳವರನ್ನು ಕರೆಯಲು ಒಂದು ಪುಟ್ಟ ಆಮಂತ್ರಣ ಹೊಡೆದುಕೊಡಿ ಎಂದು ಬಸವರಾಜ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಅವರ ಕಡೆ ಮಗುವಿನ ಹೆಸರನ್ನು ಮೊದಲು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ತಂದೆಯ ಅಕ್ಕ ಅಥವಾ ತಂಗಿಯದು. ಅವಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳುತ್ತಾಳೆ. ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅಲ್ಲಿಯವರೆಗೆ ಹೆಸರು ಮನೆಯವರ ಮನಸ್ಸಿನಲ್ಲೇ ಇರಬೇಕು. ಹಾಗಾಗಿ ಆಮಂತ್ರಣದಲ್ಲಿ ಹೆಸರಿನ ಪ್ರಶ್ನೆಯೇ ಇರಲಿಲ್ಲ.

ಆಮಂತ್ರಣ ಮುಗಿಯಿತು. ನಾನು ಅಷ್ಟಕ್ಕೆ ಸುಮ್ಮನಿದ್ದರೆ ಈ ಪ್ರಬಂಧ ಇಲ್ಲಿಗೇ ನಿಲ್ಲುತ್ತಿತ್ತು. “ಏನಪ್ಪಾ ಹೆಸರು ಯೋಚನೆ ಮಾಡಿದ್ದೀಯ?” ಎಂದು ಕೇಳಿದೆ.

ಅವನು ಸಂಕೋಚದಿಂದ ಬಾಗಿಲ ಕಡೆ ನೋಡಿದ. “ಅಕ್ಕ ಹೇಳೂದಕ್ಕ ಮೊದಲ ಹೇಳಬಾರದ್ರಿ ಅಮ್ಮಾರ. ನಿಮಗಂತ ಹೇಳ್ತೀನ್ರಿ. ಹುಲಿಗೆಮ್ಮ. ನಮ್ಮ ಅವ್ವನ ಹೆಸರ್ರಿ. ಹ್ವಾದ ವರ್ಷ ತೀರ್ಕೊಂಡ್ಳು. ಮೊಮ್ಮಗಳು ಹುಟ್ಟಿದ್ರ ನನ್ನ ಹೆಸರ ಇಡಪಾ ಅಂದಿದ್ಲ್ರಿ.”

ನನ್ನ ಬೆರಳು ಸುಮ್ಮನಿರಬೇಕಲ್ಲ. ಹೊಡೆದೇಬಿಟ್ಟೆ. ಹುಲಿಗೆಮ್ಮನ ಕೆಳಗೆ ಕೆಂಪು ಗೆರೆ ಹರಿಯಿತು. ಬದಲಿಗೆ ಏನಾದರೂ ಬೇಕೇ ಎಂದು ಕೇಳಿದರೆ ‘ಹುಲಿಗೆ’, ‘ಹೋಳಿಗೆ’ ಎಂದು ತೋರಿಸಿತು. ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದ ನಗು ಕೇಳಿಸಲಿಲ್ಲವೆಂದು ತಿರುಗಿ ನೋಡಿದರೆ, ಬಸವರಾಜ ತೆರೆಯನ್ನೇ ನೋಡುತ್ತಾ ನಿಂತಿದ್ದ.

“ರಿಜೆಕ್ಟ್ ಆತೇನ್ರಿ?” ಎಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಹಾಗೆಲ್ಲ ಏನಿಲ್ಲ, ಇದಕ್ಕೆ ಹೆಸರುಗಳೇ ಗೊತ್ತಾಗುವುದಿಲ್ಲ, ಬೇಕಾದರೆ ನೋಡು ಎಂದು ಅವನ ಹೆಸರನ್ನೇ ಹೊಡೆದೆ. ನನ್ನ ಗ್ರಹಚಾರಕ್ಕೆ ಅದಕ್ಕೆ ಬಸವರಾಜ ಗೊತ್ತಿತ್ತು. ಗಾಬರಿಯಲ್ಲಿ ರೇಣುಕಾ ಎಂದು ಹೊಡೆದೆ. ಗೊತ್ತಿತ್ತು. ನನ್ನ ಹೆಸರು ಶ್ಯಾಮಲಾ, ಅದೂ ಗೊತ್ತಿತ್ತು.

“ಎಲ್ಲಾರ್ದೂ ಪಾಸ್ ಆತ್ರಿ,” ಎಂದ ಬಸವರಾಜ ಮೆಲ್ಲಗೆ. “ನಮ್ಮ ಅವ್ವಂದಷ್ಟ…” ಎಂದವನು ಮಾತು ಮುಗಿಸದೆ, ಆಮಂತ್ರಣದ ಹಾಳೆ ತೆಗೆದುಕೊಂಡು ಮೇಲೆ ಹೋದ. ನನಗೆ ಬಹಳ ಕಸಿವಿಸಿಯಾಯಿತು.

ಮರುದಿನ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ರೇಣುಕಾ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಎಳೆಬಿಸಿಲಿಗೆ ಕೂತಿದ್ದಳು. “ಸಾಲ್ಯಾಗ, ರೇಷನ್ ಆಫೀಸಿನ್ಯಾಗ ಎಲ್ಲಾ ಕಡೆ ಕಂಪ್ಯೂಟರ್ ಬರಾಕತ್ತಾವಂತಲ್ರಿ ಅಮ್ಮಾರ. ಅವು ಈ ಹೆಸರು ತಗೊಳ್ಳಿಲ್ಲಂದ್ರ ಕೂಸಿಗೆ ತ್ರಾಸಲ್ರಿ? ಬ್ಯಾರೆ ಹೆಸರ ನೋಡೂನು ಅಂತಾರ್ರಿ ಇವರು. ಇಷ್ಟಂದು, ಊಟಾನೂ ಮಾಡದ ಹಂಗ ಡ್ಯೂಟಿಗೆ ಹೋದ್ರು,” ಎಂದಳು. ಅವಳ ಮಾತಿನಲ್ಲಿ ದಡ್ಡತನವೇನೂ ಇರಲಿಲ್ಲ. ಗೇಟಿನೊಳಗೆ ಬಿಡುವ ಅಧಿಕಾರವೆಲ್ಲ ಇನ್ನು ಮೇಲೆ ಈ ಯಂತ್ರದ್ದೇ ಎಂಬುದು ನನಗಿಂತ ಮೊದಲು ಅವಳಿಗೆ ಕಂಡಿತ್ತು. ನಾನು ನಿಘಂಟು, ಪದಪಟ್ಟಿ ಎಂದೆಲ್ಲ ವಿವರಿಸಿದೆ. ಅವಳು ಮರ್ಯಾದೆಯಿಂದ ಕೇಳಿಸಿಕೊಂಡು ಮಗುವಿನ ಟೊಪ್ಪಿಗೆ ಸರಿಮಾಡಿದಳು.

ಕೆಳಗೆ ಬಂದು ಯಜಮಾನರ ಮುಂದೆ ಗೋಳು ತೋಡಿಕೊಂಡೆ. ಅವರು ಪೇಪರು ಮಡಿಚಿಟ್ಟು, “ನೀನು ಕನ್ನಡದಲ್ಲಿ ಹೇಳಿದ್ದೀಯ. ಅವನಿಗೆ ಇನ್ಸ್‌ಪೆಕ್ಷನ್ನಿನಲ್ಲಿ ಹೇಳ್ಬೇಕು,” ಎಂದರು. ಸಂಜೆ ಬಸವರಾಜ ಬಂದೊಡನೆ ಅವನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು.

“ಬಸವರಾಜು, ಗೇಜಲ್ಲಿ ಪೀಸ್ ಕೂರ್ಲಿಲ್ಲ ಅಂದ್ರೆ ಏನ್ ಮಾಡ್ತೀಯಪ್ಪ?”

“ಕೆಂಪು ಹಚ್ತೀನ್ರಿ ಸರ.”

“ಕಣ್ಣಿಗೆ ಚೆನ್ನಾಗಿರೋ ಪೀಸೆಲ್ಲಾ ಒಂದರ ಹಿಂದೊಂದು ರಿಜೆಕ್ಟ್ ಆಗ್ತಿದ್ರೆ?”

ಬಸವರಾಜ ಯೋಚಿಸಿದ. “ಹಂಗಾದ್ರ ಗೇಜ ಕೆಟ್ಟಿರತೈತ್ರಿ. ಅದನ್ನ ಮೊದಲ ಚೆಕ್ಕಿಗೆ ಕಳಸ್ತೀವ್ರಿ.”

“ಸರಿ. ಇವತ್ತು ಈ ಗೇಜನ್ನ ಚೆಕ್ ಮಾಡೋಣ. ನಿಮ್ಮ ಮನೇಲಿ ದಿನಾ ಆಡೋ ಮಾತೆಲ್ಲಾ ಹೇಳು, ಇವಳು ಹೊಡೀತಾಳೆ.”

ಬಸವರಾಜ ಹೇಳುತ್ತಾ ಹೋದ, ನಾನು ಹೊಡೆಯುತ್ತಾ ಹೋದೆ. ಬುತ್ತಿ, ಕೌದಿ, ಪುಂಡಿಪಲ್ಯ, ಕುಬಸ, ಕೂಸು. ಒಂದರ ಹಿಂದೊಂದು ಕೆಂಪು. ಅವನ ಕುತ್ತಿಗೆ ನಿಧಾನವಾಗಿ ನೆಟ್ಟಗಾಯಿತು. ಕೊನೆಗೆ ಯಜಮಾನರು, “ಇವಳ ಒಗ್ಗರಣೇನೂ ಹೊಡಿಸು,” ಎಂದರು. ಅದಕ್ಕೂ ಕೆಂಪು ಬಿದ್ದದ್ದನ್ನು ಕಂಡು ಬಸವರಾಜ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟ.

“ಒಗ್ಗರಣಿನೂ ಗೊತ್ತಿಲ್ಲೇನ್ರಿ ಇದಕ್ಕ? ಪಾಪ, ಎಲ್ಲಿ ಉಣ್ತೈತ್ರಿ ಇದು!”

ಮೂವರೂ ನಕ್ಕೆವು. ಆ ನಗುವಿನಲ್ಲಿ ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಉತ್ಸಾಹ ಮಿತಿಮೀರಿ ನನ್ನ ವಿದ್ಯೆ ತೋರಿಸಲು ಹೊರಟೆ. ಗೊತ್ತಿಲ್ಲದ ಪದವನ್ನು ಈ ಯಂತ್ರಕ್ಕೆ ಕಲಿಸಲೂಬಹುದು, ಇಲ್ಲೊಂದು ಗುಂಡಿ ಒತ್ತಿದರೆ ಆಯಿತು, ಆಮೇಲೆ ಅದು ತೆಪ್ಪಗಿರುತ್ತದೆ, ಹುಲಿಗೆಮ್ಮನನ್ನು ಈಗಲೇ ಸೇರಿಸಿಬಿಡಲಾ ಎಂದು ಕೇಳಿದೆ.

ಬಸವರಾಜ ಎರಡೂ ಕೈ ಮುಂದೆ ಚಾಚಿ ತಡೆದ. “ಈಗ ಬ್ಯಾಡ್ರಿ ಅಮ್ಮಾರ. ಅಕ್ಕ ಬರ್ತಾಳ್ರಿ. ಮೊದಲ ಕೂಸು ಕೇಳ್ಲಿ, ಆಮ್ಯಾಲ ಮಷಿನ್ನು.”

ಭಾನುವಾರ ಅಕ್ಕ ಬಂದಳು. ಎತ್ತರದ, ಗಟ್ಟಿ ದನಿಯ ಹೆಂಗಸು. ಸಜ್ಜಿರೊಟ್ಟಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು, ಟಿನ್ ಫ್ಯಾಕ್ಟರಿ ಸ್ಟಾಪಿನ ಮುಂದಿನ ವಾಹನಗಳನ್ನೆಲ್ಲ ಕೈಯೆತ್ತಿ ನಿಲ್ಲಿಸಿ ರಸ್ತೆ ದಾಟಿದಳಂತೆ. ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ತೊಟ್ಟಿಲು. ಸುತ್ತಲಿನ ಮನೆಗಳ ಹೆಂಗಸರೆಲ್ಲ ಸೇರಿದರು. ಅವಳು ತೊಟ್ಟಿಲೊಳಗೆ ಬಗ್ಗಿ, ಮಗುವಿನ ಕಿವಿಗೆ ಬಾಯಿಟ್ಟು ‘ಕುರ್‍ರ್’ ಎಂದಳು. ನಮ್ಮೆಲ್ಲರ ಗುದ್ದುಗಳು ಅವಳ ಬೆನ್ನ ಮೇಲೆ ಬಿದ್ದವು. ನಾನೂ ಒಂದು ಕೊಟ್ಟೆ. ಅವಳು ತಲೆಯೆತ್ತಿ “ಹುಲಿಗೆಮ್ಮ!” ಎಂದು ಕೂಗಿದಾಗ ಬಸವರಾಜ ನಮಗೆ ಬೆನ್ನು ಮಾಡಿ ಟ್ಯಾಂಕಿನ ನಲ್ಲಿಯನ್ನು ಸುಮ್ಮನೆ ತಿರುಗಿಸುತ್ತಾ ನಿಂತ. ಅವನು ಅಳುತ್ತಿದ್ದ. ನನ್ನ ಕಣ್ಣೂ ತುಂಬಿತು. ಅವ್ವ ಅಂದ ಮಾತು ನಡೆದಿತ್ತು.

ಮೆಟ್ಟಿಲಿಳಿಯುವಾಗ ಯೋಚನೆ ಬಂತು. ನನಗೆ ಗೊತ್ತಿರುವ ಮಾತುಗಳನ್ನು ನಾನು ಯಾವ ಪುಸ್ತಕದಿಂದ ಕಲಿತೆ? ಯಾರೋ ಎತ್ತಿಕೊಂಡು, ಯಾರೋ ಉಣಿಸುತ್ತಾ, ಯಾರೋ ಗದರುತ್ತಾ, ಒಬ್ಬೊಬ್ಬರೂ ನನ್ನ ಕಿವಿಯ ಮಟ್ಟಕ್ಕೆ ಬಗ್ಗಿ ಹೇಳಿದ್ದೇ ಎಲ್ಲ. ಆ ಯಂತ್ರಕ್ಕೆ ಪದಗಳನ್ನು ಮೂಟೆಗಟ್ಟಲೆ ತುಂಬಿದ್ದರು, ಬಗ್ಗಿ ಹೇಳಿದವರು ಒಬ್ಬರೂ ಇರಲಿಲ್ಲ. ಇಷ್ಟು ದಿನ ಅದನ್ನು ಬೈದದ್ದೇ ಬಂತು. ಪಾಪ, ಅದಕ್ಕೆ ಸೋದರತ್ತೆ ಇಲ್ಲ.

ಒಳಗೆ ಬಂದು ಕಂಪ್ಯೂಟರು ಹಚ್ಚಿದೆ. ಹುಲಿಗೆಮ್ಮ ಎಂದು ಹೊಡೆದು, ಗುಂಡಿ ಒತ್ತುವ ಮುಂಚೆ ಯಜಮಾನರನ್ನು ಕರೆದೆ. “ರೀ, ಇಲ್ಲಿ ಬನ್ನಿ. ನನ್ನ ಬೆನ್ನಿಗೊಂದು ಗುದ್ದಿ.”

ಯಾಕೆಂದು ಕೇಳಲಿಲ್ಲ. ಎದ್ದು ಬಂದು, ಇಷ್ಟು ವರ್ಷಗಳ ಸಂಸಾರದಲ್ಲಿ ಸಿಕ್ಕ ಒಂದೇ ಅವಕಾಶವನ್ನು ಅವರು ಚೆನ್ನಾಗಿಯೇ ಬಳಸಿಕೊಂಡರು.