ಅಕ್ಕೋರ ಎಡಗೈ

ಮೊಮ್ಮಗಳ ಹಲ್ಲುನೋವಿಗೆಂದು ಮೊನ್ನೆ ಲವಂಗದೆಣ್ಣೆಯ ಸೀಸೆ ಬಿಚ್ಚಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕೊಲ್ಹಾಪುರದ ಕಾಲೇಜಿನ ಪ್ರಯೋಗಶಾಲೆ ಕಣ್ಣೆದುರು ಬಂತು... ಅದರ ಹಿಂದೆಯೇ ನಮ್ಮ ಅಕ್ಕೋರು ಬಂದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಕ್ಕೋರು ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಗಡಹಿಂಗ್ಲಜದ ಕಡೆಯ ಲಿಂಗಾಯತರು, ನಮ್ಮವರೇ. ಬೆಲ್ಲದ ವ್ಯಾಪಾರಿಯಾಗಿದ್ದ ನನ್ನಪ್ಪ ಆ ಭರವಸೆಯಿಂದಲೇ ಮಾಳಿಗೆಯ ಖೋಲಿಯನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದ.

ಆ ವರ್ಷ ಆಡಿನ ಕರುಳಿನ ಪಾಠ ಬಂತು. ಜವಾನ ಮಾಂಸ ಮಾರುವ ಖಾಟಿಕರ ಅಂಗಡಿಯಿಂದ ಕರುಳು ತರುವಷ್ಟರಲ್ಲಿ ಅದರ ಒಳಪದರ ಕೊಳೆಯಲು ಶುರುವಾಗಿರುತ್ತಿತ್ತು. ಸ್ಲೈಡಿನಲ್ಲಿ ಬರೀ ಚಿಂದಿ. ಬಿಸಿಯಿರುವಾಗಲೇ ಅದು ಕೊಳೆಯದಂತೆ ಕಾಯುವ ಫಾರ್ಮಾಲಿನ್ನಿಗೆ ಬೀಳಬೇಕು. ಸರಿ, ಅಕ್ಕೋರೇ ಸೀಸೆ ಹಿಡಿದು ಬೆಳಗ್ಗೆ ಅಂಗಡಿಯ ಮುಂದೆ ನಿಂತರು. ಆ ತುಂಡನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ, ಕೊನೆಗೆ ಲವಂಗದೆಣ್ಣೆಯ ಹನಿ ಬಿಟ್ಟು ತಿಳಿಯಾಗಿಸಿದರು. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಗುಲಾಬಿ ಬಣ್ಣದ ಬೆರಳುಗಳು ಒತ್ತೊತ್ತಾಗಿ ನಿಂತಿದ್ದವು, ಅಂಚಿನುದ್ದಕ್ಕೂ ನೇರಳೆ ಚುಕ್ಕೆಗಳು, ನಡುನಡುವೆ ಲೋಳೆ ತುಂಬಿದ ಪುಟ್ಟ ಬಟ್ಟಲಿನಂಥ ಕೋಶಗಳು. ಇಂಥದ್ದೇ ನನ್ನ ಹೊಟ್ಟೆಯಲ್ಲೂ ಇದೆ ಎಂದು ತಿಳಿದು ಮೈ ಜುಮ್ಮೆಂದಿತು. ಓದಿದರೆ ಇದನ್ನೇ ಓದಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಊರ ಬಾಯಿಗೆ ಬೀಗ ಹಾಕುವವರು ಯಾರು? ಸುದ್ದಿ ನಮ್ಮ ಮನೆಗೂ ಮುಟ್ಟಿತು. ಅಂದು ಪೂಜೆಗೆ ಬಂದಿದ್ದ ನಮ್ಮ ಜಂಗಮ ಗುರುಗಳು ಪಡಸಾಲೆಯಲ್ಲಿ ಎಲ್ಲರೆದುರೇ ಅಕ್ಕೋರನ್ನು ಕೇಳಿದರು:

“ಲಿಂಗಾ ಹಿಡಿಯೋ ಕೈಲೆ ಆಡಿನ ಕರಳು ಹಿಡೀತೀಯೇನವಾ?”

“ಹೌದ್ರಿ,” ಅಕ್ಕೋರು ಅಂಗೈ ಚಾಚಿದರು. “ಇದ ಎಡಗೈಲೆ ಹಿಡೀತೇನ್ರಿ. ತೊಳಕೊಂಡು ಇದರ ಮ್ಯಾಲೇ ಲಿಂಗಾ ಇಟ್ಕೊಂಡು ಪೂಜಿ ಮಾಡ್ತೇನ್ರಿ.”

ಅಪ್ಪ ಕೆಂಡವಾದ. “ಆ ಕೆಲಸರೆ ಬಿಡ್ರಿ, ಇಲ್ಲಾ ಖೋಲಿರೆ ಬಿಡ್ರಿ.”

“ಖೋಲಿ ಬಿಡ್ತೇನ್ರಿ.”

ಆ ಸಂಜೆಯೇ ಅವರ ಟ್ರಂಕು ಕೆಳಗಿಳಿಯಿತು. ಅಪ್ಪ ನನ್ನತ್ತ ತಿರುಗಿ, ನಿನ್ನ ಕಾಲೇಜೂ ಇನ್ನು ಸಾಕು ಎಂದ. ನನ್ನ ಬಾಯಿ ಸುಮ್ಮನಿರಲಿಲ್ಲ.

“ಹಂಗಾರ ಅಕ್ಕೋರ ಟ್ರಂಕಿನ ಜೋಡಿ ನಂದೂ ಹೋಗ್ಲಿ ಅಪ್ಪಾ.”

ಮರುದಿನ ಬೆಳಗ್ಗೆ ನಾನು ಕಾಲೇಜಿಗೆ ಹೊರಟಾಗ ಅಪ್ಪ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ನಾನು ಓದಿದೆ, ಮುಂದೆ ಅದನ್ನೇ ಕಲಿಸಿದೆ. ಸೀಸೆ ಹಿಡಿದು ನಾನೂ ಖಾಟಿಕರ ಅಂಗಡಿಯ ಮುಂದೆ ನಿಂತೆ. ನೋಡುವವರು ನೋಡಿಕೊಳ್ಳಲಿ ಎಂದು ಸೆರಗನ್ನೂ ತಲೆಗೆ ಎಳೆದುಕೊಳ್ಳಲಿಲ್ಲ.

ಅಕ್ಕೋರು ತೀರಿಕೊಂಡಾಗ ಗಡಹಿಂಗ್ಲಜಕ್ಕೆ ಹೋದೆ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡುತ್ತಾರೆ. ಯಾರಾದರೂ ತಕರಾರು ತೆಗೆಯಲಿ, ನೋಡಿಯೇ ಬಿಡುತ್ತೇನೆ ಎಂದು ಅವರ ಮಗ್ಗುಲಲ್ಲೇ ಕುಳಿತಿದ್ದೆ. ಯಾರೂ ತೆಗೆಯಲಿಲ್ಲ. ಲಿಂಗವಿಟ್ಟು ಅವರ ಬೆರಳು ಮಡಚಿದಾಗ ಮಾತ್ರ ನನಗೆ ತಡೆಯಲಾಗಲಿಲ್ಲ...

“ಹಚ್ಚ ಆಯೀ, ಭಾಳ ನೋಯಾಕತ್ತೇತಿ,” ಎಂದು ಮೊಮ್ಮಗಳು ಎಚ್ಚರಿಸಿದಳು. ಎಡ ಅಂಗೈಗೆ ಎಣ್ಣೆ ಸುರಿದುಕೊಂಡು, ಅರಳೆ ಅದ್ದಿ ಅವಳ ಹಲ್ಲಿಗಿಟ್ಟೆ. ಅಕ್ಕೋರಿಲ್ಲದ ಈ ಊರಲ್ಲಿ ಆ ಘಾಟಿನ ಗುಟ್ಟು ಯಾರಿಗೆ ಹೇಳಲಿ? ಸಂಜೆ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಅದೇ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತೆ.