ಚಕ್ರದಡಿಯ ನಿಂಬೆಹಣ್ಣು

ಇಲ್ಲಿ ಗಲ್ಫಿನಲ್ಲಿ ಕಾರಿನ ಇನ್ಶೂರೆನ್ಸ್ ನವೀಕರಿಸುವಾಗ ಏಜೆಂಟ್ ಹೇಳಿದ್ದನ್ನು ಕೇಳಿ ಹೌಹಾರಿದೆ. ಆತ ಬಂಟ್ವಾಳದ ಕಡೆಯ ಬ್ಯಾರಿ, ನಮಗೆ ಹಳೆಯ ಪರಿಚಯ.

"ಅಕ್ಕಾ, ಈ ಸಲದಿಂದ ರೂಲ್ಸ್ ಚೇಂಜ್. ನೆರೆ ನೀರಿಗೆ ಬೇರೆಯೇ ಕವರ್ ತಗೊಳ್ಬೇಕು. ಅದಕ್ಕೆ ದುಡ್ಡೂ ಬೇರೆ."

"ಮರುಭೂಮಿಯಲ್ಲಿ ನೆರೆಗೆ ಇನ್ಶೂರೆನ್ಸಾ? ಉಡುಪಿಯಲ್ಲಿ ನಾಲ್ಕು ತಿಂಗಳು ಮಳೆ ಹೊಡೀತದೆ, ಅಲ್ಲಿ ಇದೆಲ್ಲ ಯಾರೂ ಕೇಳ್ಲಿಲ್ಲ ಮಾರಾಯ್ರೆ!" ಎಂದು ರೇಗಿದೆ.

ರೇಗಿದೆ ನಿಜ. ಆದರೆ ಹಿಂದಿನ ಮಳೆಗೆ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಬಿಲ್ಡಿಂಗಿನ ಕೆಳಗೆ ಕಾರುಗಳು ತೇಲಿದ್ದನ್ನು ಬಾಲ್ಕನಿಯಿಂದ ನೋಡಿದವಳೂ ನಾನೇ. ಕಾರಿಲ್ಲದೆ ಗಂಡ ಅಬುಧಾಬಿಯ ಕೆಲಸಕ್ಕೆ ಹೋಗುವುದಾದರೂ ಹೇಗೆ? ಕೊನೆಗೆ ಕಟ್ಟಿದೆವು, ಬೇಸಿಗೆ ರಜೆಯಲ್ಲಿ ಊರಿಗೆ ಹೋಗಲು ತೆಗೆದಿಟ್ಟಿದ್ದ ಹಣದಿಂದ. ಮಗಳು ಆಗಲೇ ಓಡಾಡಿ ಮಾತಾಡುತ್ತಿದ್ದಳು. ಊರಲ್ಲಿರುವ ನನ್ನ ಅಮ್ಮ ಅವಳನ್ನು ಫೋನಿನಲ್ಲಿ ಬಿಟ್ಟರೆ ಕಂಡಿರಲಿಲ್ಲ. "ಬರುವ ವರ್ಷ ಬರ್ತೇವೆ" ಎಂದು ಅಮ್ಮನಿಗೆ ಹೇಳಿದೆ.

ಮತ್ತೆ ಮಳೆ ಬಂತು. ನೀರು ಕಾರಿನ ಸೀಟಿನವರೆಗೆ ಏರಿ, ಮರುದಿನ ಇಳಿಯಿತು. ಸುಳ್ಳು ಯಾಕೆ ಹೇಳಲಿ, ಕಟ್ಟಿದ್ದು ದಂಡವಾಗಲಿಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಅಮ್ಮನಿಗೆ ಫೋನ್ ಮಾಡಿದೆ.

"ಮುಳುಗಿದ ಗಾಡಿಯನ್ನು ಹಾಗೇ ಬಿಡ್ಬೇಡಿ. ತೊಳೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಒಮ್ಮೆ ಮುಂದೆ ತಗೊಳ್ಳಿ. ದೃಷ್ಟಿ ಹೋಗ್ತದೆ" ಎಂದಳು.

ಹೊಸ ಕಾರಿಗೂ, ಪೆಟ್ಟು ತಿಂದ ಕಾರಿಗೂ ನಮ್ಮಲ್ಲಿ ಇದೇ ಕ್ರಮ. ನಾನೇ ನಿಂಬೆಹಣ್ಣು ಇಟ್ಟೆ. ಗಂಡ ಕೀ ತಿರುಗಿಸಿದರು. ಇಂಜಿನ್ ಕೆಮ್ಮಿತು, ಕಾರು ಒಂದು ಗೇಣು ಮುಂದೆ ಹೋಯಿತು. ಒಳಗೆ ಏನೋ ಟಕ್ ಎಂದು ಮುರಿಯಿತು. ಖಲಾಸ್!

ನಷ್ಟ ಲೆಕ್ಕ ಹಾಕಲು ಬಂದ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಾನೆಟ್ ಎತ್ತುವ ಮೊದಲೇ ಬಗ್ಗಿ ಚಕ್ರ ನೋಡಿದ. ನಿಂಬೆಹಣ್ಣು ಅಪ್ಪಚ್ಚಿಯಾಗಿ ಟಯರಿಗೆ ಅಂಟಿಕೊಂಡಿತ್ತು. ನೀರು ನುಗ್ಗಿದ ಮೇಲೆ ಸ್ಟಾರ್ಟ್ ಮಾಡಿದಿರಾ ಎಂದು ಹಿಂದಿಯಲ್ಲಿ ಕೇಳಿದ. ಗಂಡ ಹೌದೆಂದರು. ನೀರಿದ್ದ ಇಂಜಿನನ್ನು ಸ್ಟಾರ್ಟ್ ಮಾಡಿದ್ದರಿಂದಲೇ ಅದು ಮುರಿದದ್ದು, ಹಾಗಾಗಿ ಇಂಜಿನ್ನಿಗೆ ಹಣ ಬರುವುದಿಲ್ಲ, ಸೀಟು ಮತ್ತು ಮ್ಯಾಟಿಗೆ ಮಾತ್ರ; ಹೊಸ ನಿಯಮದಲ್ಲಿ ಇದೂ ಇದೆ ಎಂದ.

"ಎಂತ ಹೇಳ್ತೀರಿ ನೀವು? ನೀರಿಗೆ ಅಂತಲೇ ಅಲ್ವಾ ನಾವು ಕಟ್ಟಿದ್ದು?" ಎಂದು ಕನ್ನಡದಲ್ಲೇ ಕಿರುಚಿದೆ. ಆ ಮನುಷ್ಯನಿಗೆ ಒಂದಕ್ಷರವೂ ತಿಳಿಯಲಿಲ್ಲ, ಪಾಪ. ರಿಪೇರಿಯ ಖರ್ಚು ಕೇಳಿದ ಮೇಲೆ ಬರುವ ವರ್ಷ ಊರಿಗೆ ಹೋಗುವ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಆ ಸಂಜೆ ಅಮ್ಮನೇ ಫೋನ್ ಮಾಡಿದಳು.

"ನಿಂಬೆಹಣ್ಣು ಇಟ್ರಾ?"

"ಇಟ್ಟೆವು ಅಮ್ಮ."

"ಎಲ್ಲ ಸರಿಯಾಯ್ತಲ್ವಾ?"

"ಸರಿಯಾಯ್ತು."

"ನಾನು ಹೇಳ್ಲಿಲ್ವಾ! ಹಾಗಾದ್ರೆ ಬರುವ ವರ್ಷ ಮಗುವನ್ನು ಕರ್ಕೊಂಡು ಬರ್ತೀರಲ್ಲ?"

ಫೋನನ್ನು ಮಗಳ ಕೈಗೆ ಕೊಟ್ಟೆ.